ಮೈ ಗಂಗೆಗೆ, ನಾಲಿಗೆ ತುಂಗೆಗೆ

ಮಲೆನಾಡಿನ ಮನೆಗೆ ಬಿಸಿಲಲ್ಲಿ ನಡೆದು ಹೋದರೆ ಮೊದಲು ಮುಂದೆ ಬರುವುದು ಒಂದು ಚೊಂಬು ನೀರು, ಜೊತೆಗೆ ಬೆಲ್ಲದ ತುಂಡು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆಯ ಹಿರಿಯರಾದರೆ ಚೊಂಬಿನ ಜೊತೆಗೆ ಒಂದು ಮಾತನ್ನೂ ಇಡುತ್ತಾರೆ: ‘ಕುಡೀರಿ, ಗಂಗಾ ಸ್ನಾನ, ತುಂಗಾ ಪಾನ ಅಂತಾರಲ್ಲ.’ ಕೊಟ್ಟ ನೀರು ತುಂಗೆಯದೇ ಆಗಿರಬೇಕೆಂದಿಲ್ಲ. ಮನೆ ಹಿಂದಿನ ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬಂದದ್ದೂ ಇರಬಹುದು. ಆ ಸೀಮೆಯಲ್ಲಿ ಕುಡಿಯುವ ನೀರೆಲ್ಲ ಮಾತಿಗೆ ತುಂಗೆಯೇ.

ಮೀಯುವುದಾದರೆ ಗಂಗೆಯಲ್ಲಿ, ಕುಡಿಯುವುದಾದರೆ ತುಂಗೆಯದು. ನಾಲ್ಕೇ ಪದದ ಈ ಗಾದೆಯನ್ನು ಊರಭಿಮಾನವೆಂದು ನಕ್ಕು ಬಿಡುವುದು ಸುಲಭ. ಎರಡೂವರೆ ಸಾವಿರ ಕಿಲೋಮೀಟರ್ ಹರಿಯುವ ಗಂಗೆಯ ಪಕ್ಕಕ್ಕೆ 147 ಕಿಲೋಮೀಟರಿನ ನಮ್ಮ ಹೊಳೆಯನ್ನೂ ಕೂರಿಸಿಬಿಡುವ ಆಸೆ ಅದರಲ್ಲಿ ಖಂಡಿತ ಇದೆ. ಆದರೆ ಅಭಿಮಾನವಷ್ಟೇ ಇದ್ದಿದ್ದರೆ ತುಂಗೆಯೂ ಗಂಗೆಯಷ್ಟೇ ಪವಿತ್ರೆ ಎಂದುಬಿಟ್ಟರೆ ಸಾಕಿತ್ತು. ‘ದಕ್ಷಿಣ ಗಂಗೆ’ ಎಂಬ ಬಿರುದನ್ನು ಗೋದಾವರಿಗೂ ಕಾವೇರಿಗೂ ಧಾರಾಳವಾಗಿ ಕೊಟ್ಟವರು ನಾವು, ತುಂಗೆಗೊಂದು ಕೊಡಲು ಕಷ್ಟವೇನಿತ್ತು? ಗಾದೆ ಆ ದಾರಿ ಹಿಡಿಯಲಿಲ್ಲ. ಮೈಯನ್ನು ಒಬ್ಬಳಿಗೆ ಒಪ್ಪಿಸಿ ನಾಲಿಗೆಯನ್ನು ಇನ್ನೊಬ್ಬಳಿಗೆ ಕೊಟ್ಟಿತು. ಈ ಹಂಚಿಕೆಯೊಳಗೆ ನದಿಯ ಶುದ್ಧಿಯ ಬಗ್ಗೆ ನಮ್ಮ ಹಿರಿಯರಿಗಿದ್ದ ತಿಳಿವಳಿಕೆ ಇದೆ ಎಂದು ನನ್ನ ಎಣಿಕೆ. ಇವತ್ತು ನದಿಯ ಹೆಸರಿನಲ್ಲಿ ನಡೆಯುವ ವಾದಗಳಲ್ಲಿ ಕಳೆದುಹೋಗಿರುವುದೂ ಅದೇ.

ಮೊದಲು ಸ್ನಾನದ ಮಾತು. ಗಂಗಾಸ್ನಾನಕ್ಕೆ ಕಾಶಿಗೇ ಹೋಗಬೇಕೆಂದಿಲ್ಲ. ಬೆಳಗ್ಗೆ ಬಚ್ಚಲಲ್ಲಿ ನಿಂತು ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಂದು ಏಳು ಹೆಸರು ಹೇಳಿ ನೀರಿಗೆ ಕರೆದರೆ ಬಂದಳೆಂದೇ ಲೆಕ್ಕ. ಅದು ಬಾವಿಯ ನೀರೋ, ಬೋರಿನದೋ, ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಟ್ಯಾಂಕರಿನಲ್ಲಿ ಬಂದದ್ದೋ ಎಂದು ಮಂತ್ರ ವಿಚಾರಿಸುವುದಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಕಂಠಕ್ಕೆ ಹಿಂಡಲಕಾಯಿ ಬಳ್ಳಿ ಸುತ್ತಿ, ಆರತಿ ಎತ್ತಿ ತುಂಬಿಸಿಕೊಳ್ಳುವುದೂ ಗಂಗೆಯನ್ನೇ. ಅಂದಮೇಲೆ ಸ್ನಾನದ ಗಂಗೆ ಇರುವುದು ಕರೆಯುವವನ ಬಾಯಲ್ಲಿ. ಅವಳನ್ನು ಮಲಿನ ಮಾಡುವುದು ಯಾವ ಕಾರ್ಖಾನೆಯ ಕೈಯಲ್ಲೂ ಆಗದು. ‘ಗಂಗೆಗೆ ಮೈಲಿಗೆಯಿಲ್ಲ’ ಎಂದು ಭಕ್ತರು ಹೇಳುವುದು ಈ ಗಂಗೆಯ ಬಗ್ಗೆ. ಅದು ಸತ್ಯವೋ ಸುಳ್ಳೋ ಎಂದು ಪ್ರಯೋಗಾಲಯಕ್ಕೆ ಕಳಿಸುವುದು ದಡ್ಡತನ.

ಹಾಗಾದರೆ ಗಂಗೆಯನ್ನು ಕುಡಿಯುವುದೇ ಇಲ್ಲವೇ? ಕುಡಿಯುತ್ತೇವೆ, ಬಾಯಾರಿಕೆಗಲ್ಲ. ಕಾಶಿಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಥಾಲಿ ದೇವರಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಗಂಗಾ ಸಮಾರಾಧನೆಯ ದಿನ ಪೂಜೆಯಾದ ಮೇಲೆ ಅದನ್ನು ತೆರೆದು, ಬಂದವರ ಅಂಗೈಗೆ ಉದ್ಧರಣೆಯಿಂದ ಒಂದೊಂದು ಹನಿ. ಒಂದು ಥಾಲಿಯನ್ನು ತೆರೆಯದೆ ಉಳಿಸಿಕೊಂಡಿರುತ್ತಾರೆ. ಅದು ಯಾವಾಗ ಬೇಕಾಗುತ್ತದೆಂದು ಮನೆಯವರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತುಳಸಿಯ ಜೊತೆ ತುಟಿಗೆ ಬಿಡುವ ಆ ಹನಿಗೆ ರುಚಿ ಕೇಳುವವರಿಲ್ಲ.

ಇಷ್ಟಕ್ಕೇ ನಂಬಿಕೆ ನಿಂತಿದ್ದರೆ ತಕರಾರಿರಲಿಲ್ಲ. ಅದಕ್ಕೆ ವಿಜ್ಞಾನದ ಸರ್ಟಿಫಿಕೇಟು ಅಂಟಿಸುವ ಉಮೇದು ಕೆಲವರಿಗೆ. ಅವರೆಲ್ಲ ಸೀದಾ 1896ಕ್ಕೆ ಓಡುತ್ತಾರೆ. ಆ ವರ್ಷ ಭಾರತದಲ್ಲಿದ್ದ ಬ್ರಿಟಿಷ್ ಬ್ಯಾಕ್ಟೀರಿಯಾ ತಜ್ಞ ಅರ್ನೆಸ್ಟ್ ಹ್ಯಾಂಕಿನ್, ಗಂಗೆ ಯಮುನೆಯ ನೀರು ಕಾಲರಾ ರೋಗಾಣುವನ್ನು ಕೊಲ್ಲುತ್ತದೆ, ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ಬರೆದದ್ದು ನಿಜ. ಬ್ಯಾಕ್ಟೀರಿಯಾವನ್ನು ತಿನ್ನುವ ಸೂಕ್ಷ್ಮ ವೈರಸ್ಸಿಗೆ 1917ರಲ್ಲಿ ಫೆಲಿಕ್ಸ್ ಡಿ’ಹೆರೆಲ್ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟ ಮೇಲೆ, ಹ್ಯಾಂಕಿನ್ ಕಂಡದ್ದು ಬಹುಶಃ ಅದನ್ನೇ ಎಂದವರಿದ್ದಾರೆ. ಇರಲಿ. ಆದರೆ ಫೇಜು ಹೆಚ್ಚಾಗುವುದು ಅದಕ್ಕೆ ಆಹಾರವಾಗುವ ಬ್ಯಾಕ್ಟೀರಿಯಾ ಹೆಚ್ಚಿದ್ದಲ್ಲಿ ಎಂಬುದನ್ನು ಈ ಉತ್ಸಾಹಿಗಳು ಹೇಳುವುದಿಲ್ಲ. ಕಾನ್ಪುರದ ಜಾಜ್ಮೌ ಕಡೆಯ ಚರ್ಮ ಹದ ಮಾಡುವ ಕಾರ್ಖಾನೆಗಳಿಂದ ಬರುವ ಕ್ರೋಮಿಯಮ್ಮನ್ನು ಯಾವ ಫೇಜೂ ತಿನ್ನುವುದಿಲ್ಲ. ಮೇಲಾಗಿ, ಬೇರೆಯವರ ಸೂಕ್ಷ್ಮದರ್ಶಕದ ಆಸರೆ ಬೇಕಾಗುವಷ್ಟು ಗಂಗೆಯ ಮೇಲಿನ ಭಕ್ತಿ ಸೊರಗಿತೇ ಎಂದು ನನಗೆ ಬೇಸರವಾಗುತ್ತದೆ.

ಈಗ ಪಾನ. ಕುದುರೆಮುಖದ ಕಾಡಿನೊಳಗೆ ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗೆಯೂ ಭದ್ರೆಯೂ ನೇತ್ರಾವತಿಯೂ ಹುಟ್ಟುತ್ತವೆ. ದಣಿದ ವರಾಹಸ್ವಾಮಿಯ ಕೋರೆಗಳಿಂದ ತುಂಗೆ ಭದ್ರೆಯರು, ಕಣ್ಣಿನಿಂದ ನೇತ್ರಾವತಿ ಎಂಬುದು ಸ್ಥಳಪುರಾಣ. ತುಂಗೆಯ ತವರಿಗೂ ಗಂಗೆಯದೇ ಹೆಸರು ನೋಡಿ. ಅಲ್ಲಿಂದ ಇಳಿಯುವಾಗ ಅವಳು ಹಾಯುವುದು ಶೋಲಾ ಕಾಡು, ಹುಲ್ಲುಗಾವಲು, ಅಡಿಗೆ ಪುರಾತನವಾದ ಗಟ್ಟಿ ಬಂಡೆ. ಸುಣ್ಣದ ಅಂಶ ಬಿಟ್ಟುಕೊಡುವ ಕಲ್ಲು ಕಡಿಮೆ. ಮಳೆಯೋ ಧಾರಾಳ, ಆಗುಂಬೆಯ ಕಡೆಯ ಮಾಲತಿಯೂ ಬಂದು ಸೇರುವುದು ಇವಳನ್ನೇ. ಹಾಗಾಗಿ ನೀರು ಮೆದು. ಚಳ್ಳಕೆರೆ, ಪಾವಗಡದ ಕಡೆ ಬೋರ್‌ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳುಕಾಳಾಗಿ ಉಳಿಯುತ್ತದೆ, ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬಿಡುವುದಿಲ್ಲ. ಆ ಕಡೆಯಿಂದ ಮಲೆನಾಡಿಗೆ ಸೊಸೆಯಾಗಿ ಬಂದವರಿಗೆ ನೀರಿನ ವ್ಯತ್ಯಾಸ ಮೊದಲು ಗೊತ್ತಾಗುವುದು ದೇವರ ಮುಂದಲ್ಲ, ಒಲೆಯ ಮುಂದೆ. ಬೇಳೆ ಕರಗುತ್ತದೆ, ಕಾಫಿಗೆ ಬಣ್ಣ ಬರುತ್ತದೆ. ‘ತುಂಗಾ ಪಾನ’ ಎಂದವರು ಇದನ್ನು ಬಲ್ಲವರು.

ಸ್ನಾನಕ್ಕೆ ಆವಾಹನೆಯ ಮಂತ್ರವಿದೆ. ಉಪ್ಪುನೀರನ್ನು ಸಿಹಿ ಮಾಡುವ ಮಂತ್ರ ಯಾವ ಪುರೋಹಿತರಲ್ಲೂ ಇಲ್ಲ. ಪಾನದ ಶುದ್ಧಿಗೆ ನಾಲಿಗೆಯ ಸಾಕ್ಷಿ ಬೇಕು, ಹೊಟ್ಟೆಯ ಸಾಕ್ಷಿಯೂ ಬೇಕು. ನಮ್ಮ ಗಾದೆ ಈ ಎರಡನ್ನು ಕಲಸಿಲ್ಲ. ಹಾಗೆಂದು ತುಂಗೆಗೆ ಪಾಪ ಕಳೆಯುವ ಅಧಿಕಾರವಿಲ್ಲ ಎಂದೂ ಅದು ಹೇಳಿಲ್ಲ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ದಿನ ರಾಮತೀರ್ಥದ ಬಂಡೆಗಳ ನಡುವೆ ಮುಳುಗು ಹಾಕಲು ಜನ ಮುಗಿಬೀಳುತ್ತಾರೆ. ಪರಶುರಾಮನ ಕೊಡಲಿಗೆ ಅಂಟಿದ ತಾಯಿಯ ರಕ್ತ ಎಲ್ಲಿ ತೊಳೆದರೂ ಎಳ್ಳಿನಷ್ಟು ಉಳಿದೇ ಇತ್ತಂತೆ, ಇಲ್ಲಿ ಹೋಯಿತಂತೆ. ಗಾದೆ ಹೇಳುವುದು ಯಾರ ಹೆಚ್ಚುಗಾರಿಕೆ ಎಲ್ಲಿ ಎಂಬುದನ್ನು ಮಾತ್ರ.

ಶಾಸ್ತ್ರಕಾರರೂ ಈ ವಿಷಯದಲ್ಲಿ ನಾವು ಅಂದುಕೊಂಡಷ್ಟು ಕಣ್ಣುಮುಚ್ಚಿದವರಲ್ಲ. ಮಳೆಗಾಲದ ಮೊದಲ ನೀರು ಬಂದಾಗ ನದಿಗಳಿಗೆ ರಜೋದೋಷ, ಇಂತಿಷ್ಟು ದಿನ ಸ್ನಾನ ಕೂಡದು ಎಂದು ಧರ್ಮಗ್ರಂಥಗಳು ಹೇಳುತ್ತವೆ. ಅದನ್ನು ಹೆಣ್ಣಿನ ಮುಟ್ಟಿಗೆ ಜೋಡಿಸಿದ ರೀತಿ ಇವತ್ತು ನಮಗೆ ಒಪ್ಪಿಗೆಯಾಗದು, ಆಗಬೇಕಾಗಿಯೂ ಇಲ್ಲ. ಆದರೆ ಊರಿನ ಕೊಳೆಯನ್ನೆಲ್ಲ ಗುಡಿಸಿ ತರುವ ಕೆಂಪು ನೀರಿಗೆ ಇಳಿಯಬೇಡಿ ಎಂಬ ಎಚ್ಚರ ಅದರಲ್ಲಿದೆ. ನೀರಿಗೆ ಮಲಮೂತ್ರ, ಉಗುಳು, ರಕ್ತ, ವಿಷ ಹಾಕಬಾರದೆಂದು ಮನುಸ್ಮೃತಿಯಲ್ಲೇ ಇದೆ. ಇನ್ನೂ ಸ್ವಾರಸ್ಯವಾದದ್ದು ಗಂಗೆಯಲ್ಲಿ ಮಾಡಬಾರದ ಹದಿಮೂರು ಕೆಲಸಗಳ ಪಟ್ಟಿ. ಶೌಚ ಕೂಡದು, ಮೈಯ ಕೊಳೆ ಉಜ್ಜಕೂಡದು, ದೇವರಿಗೆ ಏರಿಸಿದ ಹೂವಿನ ನಿರ್ಮಾಲ್ಯ ಬಿಡಕೂಡದು, ಉಟ್ಟ ಬಟ್ಟೆ ಬಿಟ್ಟು ಬರಕೂಡದು, ನೀರಾಟ ಕೂಡದು. ಗಂಗೆಯಲ್ಲಿ ನಿಂತು ಬೇರೆ ತೀರ್ಥವನ್ನು ಹೊಗಳುವುದೂ ನಿಷಿದ್ಧ. (ಆ ಲೆಕ್ಕದಲ್ಲಿ ನಮ್ಮ ಗಾದೆಯನ್ನು ಕಾಶಿಯ ಘಾಟಿನಲ್ಲಿ ನಿಂತು ಹೇಳುವಂತಿಲ್ಲ.) ಎಂದೂ ಮಲಿನವಾಗದ ನದಿಗೆ ಇಷ್ಟೊಂದು ಕಟ್ಟುಪಾಡು ಯಾಕೆ ಬೇಕಿತ್ತು? ಪಟ್ಟಿ ಬರೆದವರಿಗೆ ನೀರು ಕೆಡುತ್ತದೆಂದು ಗೊತ್ತಿತ್ತು, ಕೆಡಿಸುವವರು ಭಕ್ತರೇ ಎಂದೂ ಗೊತ್ತಿತ್ತು.

2025ರ ಮಾರ್ಚಿನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರು, ಪುಣ್ಯಕ್ಷೇತ್ರಗಳ ಸ್ನಾನಘಟ್ಟದಿಂದ 500 ಮೀಟರ್ ಒಳಗೆ ಸೋಪು ಶಾಂಪು ಮಾರದಂತೆ, ಭಕ್ತರು ನದಿಯಲ್ಲಿ ಬಟ್ಟೆ ಬಿಡದಂತೆ ನೋಡಿಕೊಳ್ಳಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಧರ್ಮದಲ್ಲಿ ಸರ್ಕಾರ ಕೈಹಾಕುತ್ತಿದೆ ಎನ್ನಲು ಯಾರಿಗಾದರೂ ಬಾಯಿ ಬಂದರೆ ಅವರ ಮುಂದೆ ಆ ಹದಿಮೂರರ ಪಟ್ಟಿ ಹಿಡಿಯಬಹುದು.

ಭಕ್ತಿ ‘ಮಾಡಬೇಡ’ ಎಂದಾಗ ಏನಾಗುತ್ತದೆಂದು ನೋಡಲು ಶೃಂಗೇರಿಯ ಮೆಟ್ಟಿಲಿಗೆ ಹೋಗಬೇಕು. ಶಾರದಾಂಬೆಯ ಗುಡಿಯ ಹಿಂದೆ ಕೊನೆಯ ಮೆಟ್ಟಿಲಲ್ಲಿ ಕೂತು ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ನೀರಿನ ಮೈ ಕಪ್ಪಾಗುತ್ತದೆ. ಮೊಣಕೈಯುದ್ದದ ಮೀನುಗಳು ಒಂದರ ಬೆನ್ನ ಮೇಲೊಂದು ಏರಿ ಬಾಯಿ ತೆರೆದು ನಿಲ್ಲುತ್ತವೆ. ಬಾಲದ ಏಟಿಗೆ ಕೂತವರ ಪಂಚೆ, ಸೀರೆಯ ನೆರಿಗೆ ಒದ್ದೆ. ಮಕ್ಕಳು ಕಿರುಚುತ್ತಾರೆ, ಮೀನು ಹೆದರುವುದಿಲ್ಲ. ಅವು ದೇವರ ಮೀನು, ಅಲ್ಲಿ ಗಾಳ ಹಾಕುವಂತಿಲ್ಲ. ತೀರ್ಥಹಳ್ಳಿಯ ಬಳಿ ಚಿಪ್ಪಲಗುಡ್ಡೆಯಲ್ಲೂ ಇಂಥದೇ ಮತ್ಸ್ಯಧಾಮ. ಕಾನೂನು ಪುಸ್ತಕ ಬರುವುದಕ್ಕೆ ಬಹಳ ಮೊದಲೇ ಭಕ್ತಿಯೊಂದೇ ಈ ಮಡುಗಳನ್ನು ಕಾಯ್ದದ್ದು. ಅದೇ ಭಕ್ತಿ ‘ಏನು ಹಾಕಿದರೂ ಅವಳಿಗೆ ಏನೂ ಆಗುವುದಿಲ್ಲ’ ಎಂದಾಗ ಏನಾಗುತ್ತದೆಂದು ತಿಳಿಯಲು ಹೊಳೆಯ ಜೊತೆ ಶಿವಮೊಗ್ಗ ದಾಟಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದವು 17, ಆ ಹದಿನೇಳರಲ್ಲಿ ಶಿವಮೊಗ್ಗದಿಂದ ಕೂಡ್ಲಿಯವರೆಗಿನ ತುಂಗೆ ಒಂದು. ಮೇಲಿನ ತುಂಗೆಯನ್ನು ಕುಡಿದ ಊರಿನ ಚರಂಡಿ ಕೆಳಗಿನ ತುಂಗೆಗೆ ಬಂದು ಬೀಳುತ್ತದೆ. ಸ್ವಲ್ಪ ದೂರದಲ್ಲೇ ಕೂಡ್ಲಿ, ಭದ್ರೆ ಬಂದು ಸೇರುವ ಸಂಗಮ. ಸಂಗಮೇಶ್ವರನ ಗುಡಿ, ಮಠಗಳು, ಮುಳುಗು ಹಾಕಲು ಬರುವ ಜನ. ಮುಂದೆ ಹೊನ್ನಾಳಿಯವರು, ಹರಿಹರದವರು ಕುಡಿಯಬೇಕಾದದ್ದೂ ಇದೇ ನೀರು. ಅವರ ಪಾಲಿಗೆ ‘ತುಂಗಾ ಪಾನ’ ಶುದ್ಧೀಕರಣ ಘಟಕದ ಕ್ಲೋರಿನ್ ವಾಸನೆಯೊಂದಿಗೆ ಬರುತ್ತದೆ.

ಈ ಮಂಡಳಿಯ ಅಳತೆಗೋಲನ್ನು ಓದುವಾಗ ನನಗೆ ಗಾದೆ ನೆನಪಾಗದೆ ಇರದು. ನದಿ ಶುದ್ಧವೇ ಎಂಬ ಒಂಟಿ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಯಾತಕ್ಕೆ ಶುದ್ಧ ಎಂದು ಕೇಳಿ ವರ್ಗ ಮಾಡುತ್ತದೆ. ರೋಗಾಣು ಕೊಂದರೆ ಸಾಕು, ಬೇರೆ ಸಂಸ್ಕರಣೆಯಿಲ್ಲದೆ ಕುಡಿಯಬಹುದಾದ ನೀರು ‘ಎ’ ವರ್ಗ. ಅದರ 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಜೀವಿಗಳ ಎಣಿಕೆ 50 ಮೀರಬಾರದು. ಮೀಯಬಹುದಾದದ್ದು ‘ಬಿ’ ವರ್ಗ, ಅಲ್ಲಿ 500ರ ತನಕ ನಡೆಯುತ್ತದೆ. ಹತ್ತು ಪಟ್ಟು ವ್ಯತ್ಯಾಸ. ಮೈಗೆ ನಡೆದದ್ದು ಬಾಯಿಗೆ ನಡೆಯದು ಎಂಬ ವಿವೇಕದಲ್ಲಿ ದಿಲ್ಲಿಯ ಇಂಜಿನಿಯರೂ ಮಲೆನಾಡಿನ ಅಜ್ಜಿಯೂ ಒಂದೇ ಮಾತಿನವರು. ಗಾದೆ ತುಂಗೆಗೆ ಕೊಟ್ಟದ್ದು ‘ಎ’ ವರ್ಗ, ಅಂದರೆ ಕಷ್ಟದ ಪರೀಕ್ಷೆ. ಗಂಗೆ ಸೋತರೆ ಅವಳನ್ನು ಮಂತ್ರದಿಂದ ಮತ್ತೆ ಕರೆಯಬಹುದು, ತುಂಗೆ ಸೋತರೆ ಕರೆಯಲು ಮಂತ್ರವಿಲ್ಲ.

ಮಂತ್ರದ ಶುದ್ಧಿ, ಪರೀಕ್ಷೆಯ ಶುದ್ಧಿ ಎರಡನ್ನೂ ಒಂದೇ ಮೈಯಲ್ಲಿ ಹೊತ್ತು ಬದುಕಿದವರು ಕಾಶಿಯ ವೀರಭದ್ರ ಮಿಶ್ರ. ಸಂಕಟಮೋಚನ ಹನುಮಂತನ ಗುಡಿಯ ಮಹಂತರು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೈಡ್ರಾಲಿಕ್ ಇಂಜಿನಿಯರಿಂಗ್ ಪ್ರಾಧ್ಯಾಪಕರು. 1982ರಲ್ಲಿ ಸಂಕಟಮೋಚನ ಪ್ರತಿಷ್ಠಾನ ಕಟ್ಟಿ ಗಂಗೆಯ ನೀರನ್ನು ಪರೀಕ್ಷಿಸುತ್ತ, ಸರ್ಕಾರದೊಂದಿಗೆ ಜಗಳವಾಡುತ್ತ, 2013ರಲ್ಲಿ ತೀರಿಕೊಳ್ಳುವವರೆಗೆ ಅದೇ ಕೆಲಸದಲ್ಲಿದ್ದರು. ನೀರಿನಲ್ಲಿ ಏನಿದೆಯೆಂದು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಆದರೂ ಬೆಳಗಿನ ಗಂಗಾಸ್ನಾನವನ್ನು ಅವರು ಬಿಟ್ಟುಕೊಡಲಿಲ್ಲ. ಭಕ್ತರ ಮುಂದೆ ನಿಂತು ಗಂಗೆ ಕೊಳಕಾಗಿದ್ದಾಳೆ ಎಂದರೆ ಅವರು ಸಿಟ್ಟಾಗುತ್ತಾರೆ, ತಾಯಿಯ ಮೈಮೇಲೆ ಏನು ಸುರಿಯುತ್ತಿದ್ದೇವೆ ನೋಡಿ ಎಂದರೆ ಕಿವಿಗೊಡುತ್ತಾರೆ ಎಂಬುದು ಮಿಶ್ರರು ಕಂಡುಕೊಂಡ ವರಸೆ. ಅವರನ್ನು ದ್ವಂದ್ವದಲ್ಲಿ ಸಿಕ್ಕಿದವರೆಂದು ಬರೆದವರುಂಟು. ನನಗೆ ಹಾಗೆ ಕಾಣುವುದಿಲ್ಲ. ಮುಳುಗುವಾಗ ಮಹಂತರು, ಸೀಸೆಗೆ ನೀರು ತುಂಬಿಕೊಳ್ಳುವಾಗ ಪ್ರಾಧ್ಯಾಪಕರು, ಎರಡು ಕೆಲಸಕ್ಕೆ ಎರಡು ಲೆಕ್ಕ.

ತುಂಗೆಯ ದಡದಲ್ಲಿ ನಮಗೆ ಅಂಥ ಮಹಂತರು ಬೇಕೆಂದು ಕಾಯುತ್ತ ಕೂರುವ ಅಗತ್ಯವಿಲ್ಲ. ಕೂಡ್ಲಿಯಲ್ಲೋ ತೀರ್ಥಹಳ್ಳಿಯಲ್ಲೋ ಸಂಕಲ್ಪ ಮಾಡಿಸುವ ಪುರೋಹಿತರು, ನೀರಿಗಿಳಿಯುವ ಮುನ್ನ ಆ ಹದಿಮೂರು ನಿಷೇಧಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಸಿದರೆ ಸೋಪಿನ ಕಾಗದ, ಶಾಂಪು ಪೊಟ್ಟಣ, ಹಳೆಬಟ್ಟೆಯ ಗಂಟು ಅರ್ಧಕ್ಕರ್ಧ ದಡದಲ್ಲೇ ಉಳಿದಾವು. ಚರಂಡಿಯ ಮಾತು ಬೇರೆ, ಅದು ನಗರಪಾಲಿಕೆಯಿಂದ ಮಾಡಿಸಬೇಕಾದ ಸಂಕಲ್ಪ. ಹದಿಮೂರರಲ್ಲಿ ಬೇರೆ ತೀರ್ಥವನ್ನು ಹೊಗಳಬಾರದೆಂಬ ಒಂದನ್ನು ಮಾತ್ರ ಇಲ್ಲಿ ಕೈಬಿಡಬೇಕಾದೀತು. ಗಂಗೆಯ ಹೆಸರೆತ್ತದೆ ತುಂಗೆಯಲ್ಲಿ ಯಾರ ಸ್ನಾನವೂ ಶುರುವಾಗುವುದಿಲ್ಲ.