ಮಡಿ ಮಾಡುವ ಕೈ ಯಾರದು?

*ಇಂದಿನ ಚಿಂತನೆ*



ಇಂದು ಒಂದು ಪ್ರಶ್ನೆ ಇಟ್ಟುಕೊಳ್ಳೋಣ. ಹಳೆಯದನ್ನು ಉಳಿಸಿಕೊಳ್ಳುವುದು ಯಾವಾಗ ಒಳ್ಳೆಯದು, ಯಾವಾಗ ಬರೀ ಮೋಹ?

'ಹಳೆಯದು' ಎಂದರೆ ನಮಗೆ ಸಹಜವಾಗಿಯೇ ಅನುಮಾನ. ಹಳೆಯ ಊರು, ಹಳೆಯ ಪದ್ಧತಿ, ಹಳೆಯ ಕಸುಬು ಎಂದು ಯಾರಾದರೂ ಹೊಗಳತೊಡಗಿದರೆ, ಆ ಕಾಲದಲ್ಲಿ ನಮ್ಮ ಅಜ್ಜಿ ಎಲ್ಲಿ ನಿಂತಿದ್ದಳು ಎಂದು ಹುಡುಕುವುದು ನಮ್ಮ ಅಭ್ಯಾಸ. ಬಿಡಬಾರದ ಅಭ್ಯಾಸ. ಅದೇ ಕಣ್ಣಿನಿಂದ ಇವತ್ತು ಒಂದು ಹಳೆಯ ಯಂತ್ರವನ್ನು ನೋಡೋಣ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಓಹಾಯೋ ರಾಜ್ಯದಲ್ಲಿ ಇಂಜಿನಿಯರ್. ನಮ್ಮ ಕೇರಿಯ ಹುಡುಗ. ಅವನು ಅಲ್ಲಿ ಹಳೆಯ 'ರಿಂಗರ್' ವಾಷಿಂಗ್ ಮಷೀನೊಂದನ್ನು ಕೊಂಡು, ತಾನೇ ರಿಪೇರಿ ಮಾಡಿ, ವಾರದ ಬಟ್ಟೆಯನ್ನು ಅದರಲ್ಲೇ ಒಗೆಯುತ್ತಾನೆ. ಆಗಾಗ ವಿಡಿಯೊ ಕಳಿಸುತ್ತಾನೆ.

ಯಂತ್ರ ಸರಳ. ಕಾಲುಗಳ ಮೇಲೆ ನಿಂತ ದೊಡ್ಡ ತೊಟ್ಟಿ, ಕೆಳಗೆ ಮೋಟಾರು, ಬೆಲ್ಟು, ಗೇರ್ ಪೆಟ್ಟಿಗೆ. ತೊಟ್ಟಿಯ ನಡುವೆ ರೆಕ್ಕೆಗಳಿರುವ ಒಂದು ಕಂಬ ಹಿಂದಕ್ಕೂ ಮುಂದಕ್ಕೂ ತಿರುಗಿ ಬಟ್ಟೆಯನ್ನು ಕುಲುಕುತ್ತದೆ. ತೊಟ್ಟಿಯ ಮೇಲೆ, ಒಂದರ ಮೇಲೊಂದು ಒತ್ತಿಕೊಂಡ ಎರಡು ರಬ್ಬರ್ ಉರುಳೆಗಳು. ಕಬ್ಬಿನ ಹಾಲಿನ ಗಾಡಿಯನ್ನು ನೆನೆಸಿಕೊಳ್ಳಿ. ಅಲ್ಲಿ ಕಬ್ಬು ನುಗ್ಗಿ ಸಿಪ್ಪೆಯಾಗಿ ಬರುವ ಹಾಗೆ, ಇಲ್ಲಿ ಒದ್ದೆ ಬಟ್ಟೆ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಬರುತ್ತದೆ. ನೀರು ಮತ್ತೆ ತೊಟ್ಟಿಗೇ ಬೀಳುತ್ತದೆ.

ಇಂಥ ಮಷೀನುಗಳಿಗೆ ಹೆಸರಾದ ಮೇಟ್ಯಾಗ್ ಕಂಪನಿ ಅಯೋವಾ ರಾಜ್ಯದ ನ್ಯೂಟನ್ ಎಂಬ ಊರಿನದಾಗಿತ್ತು. ಮೊದಲು ಬೇಸಾಯದ ಸಲಕರಣೆ ಮಾಡುತ್ತಿದ್ದವರು 1907ರಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಕೈಹಾಕಿದರು. ರಿಂಗರ್ ಮಷೀನುಗಳನ್ನು 1983ರವರೆಗೂ ತಯಾರಿಸಿದರು. 1930ರ ದಶಕದ ನಡುವಿನಲ್ಲಿಯೂ ಅಮೆರಿಕದ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟಿತ್ತು. ಕರೆಂಟಿಲ್ಲದ ಮನೆಗಳಿಗೆ ಪೆಟ್ರೋಲ್ ಇಂಜಿನ್ ಜೋಡಿಸಿದ ಮಷೀನ್ ಬರುತ್ತಿತ್ತು. ಊರಿನ ಕರೆಂಟನ್ನು ಮನೆಗೆ ಎಳೆದುಕೊಳ್ಳದ ಆಮಿಶ್ ಎಂಬ ಕ್ರೈಸ್ತ ಪಂಗಡದವರು ಇಂದಿಗೂ ಇಂಥ ಮಷೀನಿಗೆ ಸಣ್ಣ ಇಂಜಿನ್ನನ್ನೋ ಗಾಳಿಯ ಒತ್ತಡದಿಂದ ತಿರುಗುವ ಮೋಟಾರನ್ನೋ ಜೋಡಿಸಿ ಸೋಮವಾರ ಬಟ್ಟೆ ಒಗೆಯುತ್ತಾರೆ. ಓಹಾಯೋದಲ್ಲಿ ಅವರ ಸಂಖ್ಯೆ ದೊಡ್ಡದು. ನಮ್ಮ ಹುಡುಗನಿಗೆ ಹುಚ್ಚು ಹಿಡಿದದ್ದು ಅಲ್ಲಿಂದಲೇ.

*ರಿಪೇರಿ ಎಂದರೆ ಎಚ್ಚರ*

ಹಳೆಯ ಮಷೀನ್ ಮನೆಗೆ ಬಂದ ಕೂಡಲೇ ಪ್ಲಗ್ ಹಾಕುವಂತಿಲ್ಲ. ವರ್ಷಗಳು ಕಳೆದರೆ ವೈರಿನ ಮೇಲಿನ ರಬ್ಬರು ಬಿರುಕು ಬಿಡುತ್ತದೆ. ಅರ್ತಿಂಗ್ ಇಲ್ಲದ ಹಳೆಯ ಮಷೀನುಗಳೂ ಇರುತ್ತವೆ. ನೀರು, ಲೋಹ, ಕರೆಂಟು ಮೂರೂ ಒಂದೇ ಕಡೆ ಇರುವಾಗ ಮೊದಲ ಕೆಲಸ ವೈರು ಬದಲಿಸಿ ಅರ್ತಿಂಗ್ ಕೊಡುವುದು. ಆಮೇಲೆ ಜಾರುವ ಬೆಲ್ಟು, ಸೋರುವ ಪೈಪು, ಗೇರ್ ಪೆಟ್ಟಿಗೆಯ ಎಣ್ಣೆ. ಕೊನೆಗೆ ಉರುಳೆಗಳು. ಕೆಲಸ ಮುಗಿದ ಮೇಲೆ ಉರುಳೆಗಳ ಒತ್ತಡ ಸಡಿಲಿಸಿಡದಿದ್ದರೆ ರಬ್ಬರು ಒಂದಕ್ಕೊಂದು ಅಂಟಿಕೊಂಡು ಚಪ್ಪಟೆಯಾಗುತ್ತದೆ. ಬಳಸಿ ಹಾಳಾದ ಉರುಳೆಗಳಷ್ಟೇ, ಬಳಸದೆ ಬಿಗಿದಿಟ್ಟು ಹಾಳಾದವೂ ಇವೆಯಂತೆ.

ಒಗೆಯುವಾಗಲೂ ಎಚ್ಚರ ಬೇಕು. ಗುಂಡಿಗಳನ್ನು ಬಟ್ಟೆಯ ಒಳಕ್ಕೆ ಮಡಚಿ ಕೊಡಬೇಕು. ಬೆರಳು, ಬಿಚ್ಚಿದ ಕೂದಲು, ಸೆರಗು ಯಾವುದೂ ಉರುಳೆಯ ಹತ್ತಿರ ಸುಳಿಯಬಾರದು. ಆ ಕಾಲದಲ್ಲಿ ಎಷ್ಟೋ ಮಕ್ಕಳ ಕೈ ಉರುಳೆಯೊಳಗೆ ಸಿಕ್ಕಿಕೊಳ್ಳುತ್ತಿತ್ತು. ವೈದ್ಯರು ಆ ಗಾಯಕ್ಕೆ 'ರಿಂಗರ್ ಆರ್ಮ್' ಎಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು. ಹಳೆಯದೆಲ್ಲ ಚಿನ್ನ ಎನ್ನುವವರು ಈ ಹೆಸರನ್ನೂ ನೆನಪಿಡಬೇಕು.

ಅಪ್ರಮಾದ, ಅಂದರೆ ಮೈಮರೆಯದಿರುವುದು, ಭಗವಾನರ ಕೊನೆಯ ಉಪದೇಶದ ತಿರುಳು. ಅದನ್ನು ಧ್ಯಾನದ ಚಾಪೆಯ ಮೇಲೆ ಮಾತ್ರ ಕಲಿಯಬೇಕೆಂದಿಲ್ಲ.

*ತಾಯಿಯ ಪ್ರಶ್ನೆ*

ಆದರೆ ಈ ವಿಡಿಯೊ ನೋಡಿ ಆ ಹುಡುಗನ ತಾಯಿ ಕೇಳಿದ್ದು ಒಂದೇ ಮಾತು: "ಅಷ್ಟು ದೂರ ಓದಿಸಿ ಕಳ್ಸಿದ್ದು ಅಲ್ಲೂ ಬಟ್ಟೆ ಹಿಂಡ್ಲಿ ಅಂತ್ಲೇನಪ್ಪಾ?"

ನಗುವ ಮಾತಲ್ಲ ಇದು. ಒಗೆಯುವ ಕಲ್ಲಿನ ಮುಂದೆ ಬೆನ್ನು ಬಗ್ಗಿಸಿದವಳಿಗೆ ಕೈಕೆಲಸದಲ್ಲಿ ಸೊಗಸು ಕಾಣುವುದಿಲ್ಲ. ಬಾಬಾಸಾಹೇಬರೂ ಅವಳ ಕಡೆಯವರೇ. 1945ರಲ್ಲಿ ಪ್ರಕಟವಾದ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ಪುಸ್ತಕದಲ್ಲಿ ಅವರು ಯಂತ್ರವನ್ನು ಬೇಡವೆನ್ನುವ ವಾದವನ್ನು ಕಟುವಾಗಿ ತಳ್ಳಿಹಾಕುತ್ತಾರೆ. ಮನುಷ್ಯ ಪಶುವಿನಂತೆ ದುಡಿಯುತ್ತಲೇ ಇದ್ದರೆ ಅವನಿಗೆ ಬಿಡುವಿಲ್ಲ, ಬಿಡುವಿಲ್ಲದೆ ಸಂಸ್ಕೃತಿಯಿಲ್ಲ, ಆ ಬಿಡುವನ್ನು ಕೊಡುವುದು ಯಂತ್ರ ಎನ್ನುವುದು ಅವರ ವಾದ. ಯಂತ್ರದಿಂದ ಕೇಡಾಗಿದ್ದರೆ ದೋಷ ಯಂತ್ರದ್ದಲ್ಲ, ಅದರ ಫಲವನ್ನು ಕೆಲವರೇ ದೋಚುವಂತೆ ಮಾಡಿದ ಸಮಾಜದ ವ್ಯವಸ್ಥೆಯದು ಎಂದೂ ಅವರು ಹೇಳುತ್ತಾರೆ.

ಹಾಗಾದರೆ ಹುಡುಗ ಮಾಡುತ್ತಿರುವುದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಕಾರಣ ಹೇಳಲು ಕನ್ನಡದ ಒಂದು ಪದಕ್ಕೆ ಬರಬೇಕು.

*ಮಡಿ ಎಂಬ ಪದ*

'ಮಡಿ' ಎಂದರೆ ಒಗೆದ ಬಟ್ಟೆ. ಒಗೆದು ಕೊಡುವವನು ಮಡಿವಾಳ. ಅದೇ ಮಡಿ ಮನುಷ್ಯರ ಮೇಲು ಕೀಳಿನ ಅಳತೆಗೋಲೂ ಆಯಿತು. ಸೋಜಿಗ ನೋಡಿ: ಊರಿಗೆಲ್ಲ ಮಡಿ ಮಾಡಿಕೊಟ್ಟ ಕೈಯನ್ನೇ ಊರು ಮಡಿಯೆಂದು ಒಪ್ಪಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣರ ನಡುವೆ ತಲೆಯೆತ್ತಿ ನಿಂತದ್ದರ ಬೆಲೆ ತಿಳಿಯುವುದು ಇದನ್ನು ನೆನೆದಾಗ. ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿ ನಾವು. ಎಷ್ಟೋ ಹಳ್ಳಿಗಳಲ್ಲಿ ಅಗಸರು ನಮ್ಮ ಕೇರಿಯ ಬಟ್ಟೆ ಮುಟ್ಟುತ್ತಿರಲಿಲ್ಲ. ಅವರನ್ನು ದೂರಿ ಫಲವಿಲ್ಲ. ತುಳಿಸಿಕೊಂಡವನಿಗೂ ತುಳಿಯಲು ಒಬ್ಬನನ್ನು ಕೊಡುವುದೇ ಶ್ರೇಣೀಕೃತ ಅಸಮಾನತೆಯ ಜಾಣತನ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ರಿಂಗರ್ ಮಷೀನ್ ಬರುವ ಮೊದಲು ಅಮೆರಿಕದ ದಕ್ಷಿಣ ಭಾಗದಲ್ಲಿ ಬಿಳಿಯರ ಬಟ್ಟೆಯನ್ನು ಒಗೆಯುತ್ತಿದ್ದವರು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸರು. 1881ರ ಬೇಸಿಗೆಯಲ್ಲಿ ಅಟ್ಲಾಂಟಾ ನಗರದಲ್ಲಿ ಸುಮಾರು 20 ಜನ ಸೇರಿ ಸಂಘ ಕಟ್ಟಿದರು. ಹನ್ನೆರಡು ಪೌಂಡ್ ಬಟ್ಟೆಗೆ ಒಂದು ಡಾಲರ್ ಕೂಲಿ ಬೇಕೆಂದು ಒಗೆಯುವುದನ್ನು ನಿಲ್ಲಿಸಿದರು. ಮೂರೇ ವಾರಗಳಲ್ಲಿ ಆ 20 ಜನ 3000ದಷ್ಟಾದರು. ಅವರು ಕೇಳಿದ್ದು ಕೂಲಿಯನ್ನು ಮಾತ್ರವಲ್ಲ, ತಮ್ಮ ಕೆಲಸಕ್ಕೆ ಮರ್ಯಾದೆಯನ್ನು.

ಒಗೆಯುವ ಕೆಲಸದಲ್ಲಿ ಕೀಳು ಎಂಬುದು ಇಲ್ಲ. ಕೊಳೆ ಒಬ್ಬರದು, ಒಗೆಯುವ ಕೈ ಇನ್ನೊಬ್ಬರದು, ಆ ಕೈಗೆ ಬೇಡ ಎನ್ನುವ ಹಕ್ಕಿಲ್ಲ ಎಂದಾದಾಗ ಕೀಳುತನ ಹುಟ್ಟುತ್ತದೆ. ನಮ್ಮ ಹುಡುಗ ಒಗೆಯುತ್ತಿರುವುದು ತನ್ನದೇ ಬಟ್ಟೆ, ತನ್ನದೇ ಇಷ್ಟದಿಂದ, ಸಾಕೆನಿಸಿದ ದಿನ ಬಿಡಬಹುದಾದ ಸ್ವಾತಂತ್ರ್ಯದಿಂದ. ಅವನ ತಾಯಿಗೆ ಇಲ್ಲದಿದ್ದದ್ದು ಇದೇ ಸ್ವಾತಂತ್ರ್ಯ. ಕೆಲಸ ಒಂದೇ ಆದರೂ ಅವೆರಡನ್ನೂ ಒಂದೇ ಎನ್ನಲಾಗದು.

ಆ ಮಷೀನಿನಲ್ಲಿ ಇನ್ನೊಂದು ಸಂಗತಿ ನನಗೆ ಹಿಡಿಸಿತು. ತೊಟ್ಟಿಗೆ ಒಂದೇ ಸಲ ಬಿಸಿನೀರು, ಸೋಪು ಹಾಕುತ್ತಾರೆ. ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದವು, ಕೊನೆಗೆ ಹೊಲ ಶೆಡ್ಡುಗಳ ಬಟ್ಟೆ, ಎಲ್ಲವೂ ಅದೇ ನೀರಿನಲ್ಲಿ. ಸರದಿ ತೀರ್ಮಾನವಾಗುವುದು ಬಟ್ಟೆಯ ಕೊಳೆ ನೋಡಿ, ಬಟ್ಟೆಯ ಒಡೆಯನನ್ನು ನೋಡಿ ಅಲ್ಲ. ಚವದಾರ್ ಕೆರೆಯ ನೀರಿಗಾಗಿ 1927ರಲ್ಲಿ ಮಹಾಡಿನಲ್ಲಿ ಹೋರಾಡಿದವರ ಮಕ್ಕಳು ನಾವು. ನೀರಿಗೆ ಜಾತಿ ಗೊತ್ತಿಲ್ಲ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

*ಆನಂದರ ಚೀವರ, ಖೇಮಕರ ಬಟ್ಟೆ*

ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಉದೇನ ರಾಜನ ಅಂತಃಪುರದವರು ಭಂತೆ ಆನಂದರಿಗೆ 500 ವಸ್ತ್ರಗಳನ್ನು ದಾನ ಮಾಡುತ್ತಾರೆ. ಇಷ್ಟೊಂದು ಬಟ್ಟೆ ಏನು ಮಾಡುತ್ತೀರಿ ಎಂದು ರಾಜ ಕೇಳುತ್ತಾನೆ. ಚೀವರ ಹಳತಾದ ಭಿಕ್ಕುಗಳಿಗೆ ಹಂಚುತ್ತೇವೆ. ಹಳೆಯ ಚೀವರ ಹೊದಿಕೆಯಾಗುತ್ತದೆ, ಹಳೆಯ ಹೊದಿಕೆ ಹಾಸಿಗೆಯ ಕವಚವಾಗುತ್ತದೆ, ಅದು ನೆಲಹಾಸು, ನೆಲಹಾಸು ಕಾಲೊರಸು, ಕಾಲೊರಸು ಧೂಳೊರಸುವ ಬಟ್ಟೆ. ಅದೂ ಚಿಂದಿಯಾದರೆ ಮಣ್ಣಿನೊಂದಿಗೆ ಕಲಸಿ ನೆಲಕ್ಕೆ ಮೆತ್ತುತ್ತೇವೆ. ಉಪಯೋಗ ಮುಗಿಯುವವರೆಗೆ ವಸ್ತುವನ್ನು ಬಿಸಾಡದಿರುವುದು ಜಿಪುಣತನವಲ್ಲ, ಅದನ್ನು ಮಾಡಿದ ಕೈಗಳಿಗೆ ತೋರಿಸುವ ಗೌರವ. ಹಳೆಯ ಮಷೀನನ್ನು ರಿಪೇರಿ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆದರೆ ಗಮನಿಸಿ: ಆನಂದರು ಬಟ್ಟೆಯ ಉಪಯೋಗವನ್ನು ಉಳಿಸಿಕೊಂಡರು, ಅದರ ಹಳೆಯ ಸ್ಥಾನವನ್ನಲ್ಲ. ಹಳೆಯ ವಸ್ತುವನ್ನು ಉಳಿಸುವವನಿಗೂ ಹಳೆಯ ಪದ್ಧತಿಯನ್ನು ಉಳಿಸುವವನಿಗೂ ಇರುವ ಅಂತರ ಅದೇ.

ಇನ್ನೊಂದು ಸುತ್ತದಲ್ಲಿ ಭಂತೆ ಖೇಮಕರು ಹೇಳುವ ಹೋಲಿಕೆ: ಕೊಳೆಯಾದ ಬಟ್ಟೆಯನ್ನು ಅಗಸ ಚೌಳು, ಕ್ಷಾರ, ಸಗಣಿ ಹಾಕಿ ಉಜ್ಜಿ ತಿಳಿನೀರಿನಲ್ಲಿ ಜಾಲಿಸುತ್ತಾನೆ. ಬಟ್ಟೆ ಶುಚಿಯಾಗಿದೆ, ಆದರೆ ಒಗೆದ ವಸ್ತುವಿನ ವಾಸನೆ ಉಳಿದಿದೆ. ಸುಗಂಧದ ಪೆಟ್ಟಿಗೆಯಲ್ಲಿಟ್ಟ ಮೇಲೆಯೇ ಅದು ಹೋಗುತ್ತದೆ. ಸಾಧಕನಲ್ಲಿಯೂ 'ನಾನು' ಎಂಬ ಸಣ್ಣ ವಾಸನೆ ಹೀಗೆಯೇ ಉಳಿಯುತ್ತದೆ.

ನಾವು ದೀಕ್ಷೆ ಪಡೆದೆವು, 22 ಪ್ರತಿಜ್ಞೆ ಹೇಳಿದೆವು, ಜಾತಿಯನ್ನು ತೊಳೆದೆವು. ವಾಸನೆ? ನಮ್ಮ ಮನೆಗಳಲ್ಲಿಯೇ ನೋಡೋಣ. ಈಗ ಸೆಮಿ ಆಟೊಮ್ಯಾಟಿಕ್ಕೋ ಫುಲ್ ಆಟೊಮ್ಯಾಟಿಕ್ಕೋ ಇದೆ. ಆದರೆ ಬಟ್ಟೆ ವಿಂಗಡಿಸುವವರು, ಕಾಲರ್ ಉಜ್ಜುವವರು, ಒಂದು ಟಬ್ಬಿನಿಂದ ಇನ್ನೊಂದಕ್ಕೆ ಎತ್ತಿ ಹಾಕುವವರು, ತಂತಿಗೆ ಹರವುವವರು, ಮಳೆ ಬಂದರೆ ಓಡುವವರು ಯಾರು? ರೂತ್ ಶ್ವಾರ್ಟ್ಜ್ ಕೋವನ್ ಎಂಬ ಅಮೆರಿಕದ ಇತಿಹಾಸಕಾರ್ತಿ 1983ರಲ್ಲಿ ಒಂದು ಪುಸ್ತಕ ಬರೆದು ತೋರಿಸಿದ್ದು ಇದನ್ನೇ: ಮನೆಗೆ ಯಂತ್ರಗಳು ಬಂದವು, ನೆರವಿನ ಕೈಗಳು ಮನೆಯಿಂದ ಹೋದವು, ಶುಚಿತ್ವದ ನಿರೀಕ್ಷೆ ಏರಿತು, ತಾಯಿಯ ಕೆಲಸ ಮಾತ್ರ ಇಳಿಯಲಿಲ್ಲ. ಬಾಬಾಸಾಹೇಬರು ಹೇಳಿದ ಬಿಡುವು ಮನೆಗೆ ಬಂದು, ಮನೆಯ ಒಬ್ಬರಿಗೆ ಮಾತ್ರ ದಕ್ಕದೆ ಹೋದರೆ, ಮಷೀನ್ ಹೊಸದಾದರೂ ಪದ್ಧತಿ ಹಳೆಯದೇ.

ಆದ್ದರಿಂದ ಹಳೆಯದು ಹೊಸದು ಯಾವುದೇ ಇರಲಿ, ಮೂರು ಪ್ರಶ್ನೆ ಕೇಳೋಣ:

1. ಇದು ಯಾರ ಬೆನ್ನನ್ನು ಹಗುರ ಮಾಡುತ್ತದೆ, ಯಾರ ಬೆನ್ನನ್ನು ಬಗ್ಗಿಸುತ್ತದೆ?
2. ಕೆಲಸ ಮಾಡುವ ಕೈಗೆ 'ಇವತ್ತು ಆಗಲ್ಲ' ಎನ್ನುವ ಸ್ವಾತಂತ್ರ್ಯ ಇದೆಯೇ?
3. ಇದರಿಂದ ಉಳಿದ ಹೊತ್ತು ಯಾರಿಗೆ ಸಿಕ್ಕಿತು?

*ಇಂದಿನ ಅಭ್ಯಾಸ:* ಈ ವಾರ ಮನೆಯ ಗಂಡಸರು, ಗಂಡುಮಕ್ಕಳು ಒಂದು ದಿನದ ಬಟ್ಟೆಯ ಕೆಲಸವನ್ನು ಪೂರ್ತಿ ಮಾಡಲಿ. ವಿಂಗಡಿಸುವುದರಿಂದ ಹಿಡಿದು ಒಣಗಿದ್ದನ್ನು ಮಡಚಿಡುವವರೆಗೆ. 'ಸಹಾಯ ಮಾಡಿದೆ' ಎನ್ನುವುದು ಬೇಡ, ತನ್ನ ಕೊಳೆ ತಾನು ತೊಳೆಯುವುದು ಯಾರಿಗೂ ಮಾಡುವ ಸಹಾಯವಲ್ಲ. ಅಷ್ಟು ಹೊತ್ತು ಮನೆಯ ತಾಯಿ, ಅಕ್ಕ, ಹೆಂಡತಿ ಕೂತು ಒಂದು ಪುಸ್ತಕ ಓದಲಿ.

ಭಾನುವಾರದ ವಂದನೆಯ ನಂತರ ಯಾರು ಏನು ಓದಿದರು ಎಂದು ಅವರಿಂದಲೇ ಕೇಳೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🌷