ಬಾಂಡೆಯ ಮೇಲಿನ ಹೆಸರು

"ಅದು ಈಗ ನಡಿಯೂದಿಲ್ರಿ." ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆ ಮನೆ ಕಟ್ಟಿಸುತ್ತಿರುವವರ ಕಿವಿಗೆ ಈ ಮಾತು ಮತ್ತೆ ಮತ್ತೆ ಬೀಳುತ್ತದೆ. ಪಡಸಾಲೆಗೆ ಮೂರು ಮಜಲಿನ ಪಿಒಪಿ ಮಾಡಿಸಿ ಸುತ್ತ ನೀಲಿ ದೀಪ ಎಳೆಸೋಣವೆಂದರೆ ಕೆಲಸದವನು ತಲೆ ಅಲ್ಲಾಡಿಸುತ್ತಾನೆ. ಕೆಲ ವರ್ಷಗಳ ಹಿಂದೆ "ಇದನ್ನ ಮಾಡಸ್ರಿ, ಎಲ್ಲಾರೂ ಮಾಡಸ್ಯಾರ" ಎಂದು ದುಂಬಾಲು ಬಿದ್ದವನೂ ಅವನೇ. ಟಿವಿ ಹಿಂದಿನ ಗೋಡೆಯ ಗಾಢ ಬಣ್ಣ, ಗಾಜಿನ ಬಾಗಿಲ ಶೋಕೇಸು, ಮುಖ ಕಾಣುವಷ್ಟು ಹೊಳೆಯುವ ಟೈಲ್ಸು ಎಲ್ಲವೂ ಹಳೆಯವಾದವು. ಈಗ ನಡೆದಿರುವುದು ಗೀರು ಗೀರಿನ ಫ್ಲೂಟೆಡ್ ಪ್ಯಾನೆಲ್ಲು, ಗೆರೆಯಷ್ಟೇ ಕಾಣುವ ಪ್ರೊಫೈಲ್ ಲೈಟು, ಹಿಡಿಕೆಯಿಲ್ಲದ ಕಪಾಟು, ಹೊಳಪು ತೆಗೆದ ಬೂದುಬಣ್ಣ. ಇವೂ ನಡೆಯದಾಗುವ ದಿನ ದೂರವಿಲ್ಲವೆಂದು ಹೇಳಿದವನಿಗೂ ಗೊತ್ತು, ಕೇಳಿದವರಿಗೂ ಗೊತ್ತು.

ಹೀಗೆ ಹಳೆಯದಾದ ವಸ್ತು ಸವೆದಿರುವುದಿಲ್ಲ, ಮುರಿದಿರುವುದಿಲ್ಲ. ಪಿಒಪಿ ಗಟ್ಟಿಯಾಗಿಯೇ ಇರುತ್ತದೆ, ಶೋಕೇಸಿನ ಗಾಜು ಒಡೆದಿರುವುದಿಲ್ಲ. ಹಾಗಿದ್ದರೆ ಕೆಟ್ಟದ್ದು ಯಾವುದು? ಮನೆಯ ಚಂದ ತೀರಿಹೋಯಿತು ಎಂದು ನಮಗೆ ಅನ್ನಿಸುವುದು ಯಾವ ಗಳಿಗೆಯಲ್ಲಿ?

ಕೃಷ್ಣೆ, ದೂಧಗಂಗಾ, ವೇದಗಂಗೆಯರ ಈ ಸೀಮೆಯಲ್ಲಿ ಹೊಸ ರೀತಿ ಬರುವುದು ಬೆಳೆಯ ಹಣದ ಜೊತೆಗೆ. ನಿಪ್ಪಾಣಿಗೆ ತಂಬಾಕಿನ ದುಡ್ಡು, ಉಳಿದ ಕಡೆ ಕಬ್ಬಿನ ಬಿಲ್ಲು. ಉಗಾರ ಶುಗರ್ ವರ್ಕ್ಸ್ ಹುಟ್ಟಿದ್ದು 1939ರಲ್ಲಿ. ಆಮೇಲೆ ಒಂದೊಂದಾಗಿ ಕಾರ್ಖಾನೆಗಳ ಚಿಮಣಿ ಎದ್ದವು. ಬಿಲ್ಲು ಕೈಗೆ ಬಂದ ವರ್ಷ ನೆಲ ಬದಲಾಗುತ್ತಿತ್ತು. ಸಗಣಿ ಸಾರಿಸಿದ ನೆಲದ ಮೇಲೆ ಶಹಾಬಾದ ಫರಸಿ ಬಂತು. ಮುಂದೆ ಮೊಸಾಯಿಕ್, ಸಿರಾಮಿಕ್, ವಿಟ್ರಿಫೈಡ್. ಎಷ್ಟೋ ಮನೆಗಳಲ್ಲಿ ಹಳೆಯ ನೆಲವನ್ನು ಅಗೆಯುವ ಖರ್ಚೇಕೆಂದು ಅದರ ಮೇಲೆಯೇ ಹೊಸದನ್ನು ಹಾಸಿದರು. ನೆಲ ಏರಿತು, ಹೊಸ್ತಿಲು ಕುಳ್ಳಾಯಿತು, ಬಾಗಿಲು ತೆರೆಯದಾಯಿತು. ಬಡಿಗ ಬಂದು ಸಾಗವಾನಿ ಬಾಗಿಲಿನ ಅಡಿ ಕೊಯ್ದು ಎರಡು ಬೆರಳಷ್ಟು ಗಿಡ್ಡ ಮಾಡಿಕೊಟ್ಟ. ಅಂಥ ಮನೆಯ ಬಾಗಿಲಿನ ಕೆಳಗಂಚು ನೋಡಿದರೆ ಸಾಕು, ಎಷ್ಟು ಸಲ ಒಳ್ಳೆಯ ಕಾಲ ಬಂದುಹೋಗಿದೆ ಎಂದು ತಿಳಿಯುತ್ತದೆ.

ನೆಲ ಮುಚ್ಚಿತಾದರೂ ಅಡಿಯಲ್ಲಿ ಉಳಿಯಿತು. ಪೂರಾ ಮನೆ ಬಿಟ್ಟೇ ಹೋದದ್ದು ಅಡುಗೆಮನೆಯ ಮಾಂಡಣಿ. ಗೋಡೆಯುದ್ದಕ್ಕೂ ಹೊಡೆದ ಹಲಗೆಗಳ ಸಾಲು ಅದು. ಮೇಲಿನ ಸಾಲಿನಲ್ಲಿ ತಾಮ್ರದ ಕೊಡ, ಹಿತ್ತಾಳೆಯ ಬೋಗುಣಿ, ಪರಾತ. ನಡುವೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ನಿಂತ ಡಬ್ಬಿಗಳು. ಕೆಳಗೆ ಬೆನ್ನು ಗೋಡೆಗೆ ಹಚ್ಚಿ ನಿಲ್ಲಿಸಿದ ಗಂಗಾಳ, ತಾಟು, ಚರಗಿ. ಹಿತ್ತಾಳೆಯನ್ನು ಮೋಡಕಾಕ್ಕೆ, ಅಂದರೆ ಗುಜರಿಗೆ, ಹಾಕಿ ಸ್ಟೀಲು ತಂದ ಕಾಲದಲ್ಲಿ ಲೋಹ ಬದಲಾಯಿತು, ಸಾಲು ಬದಲಾಗಲಿಲ್ಲ. ಬಂದ ಬೀಗರು ಮನೆಯ ಸ್ಥಿತಿಗತಿಯನ್ನು ಅಳೆಯುತ್ತಿದ್ದದ್ದು ಆ ಸಾಲನ್ನು ನೋಡಿಯೇ.

ಅದರಲ್ಲೊಂದು ಪಾತ್ರೆಯನ್ನು ಕೆಳಗಿಳಿಸಿ ಬೆಳಕಿಗೆ ಹಿಡಿದರೆ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಾಣುತ್ತದೆ. ಬಾಂಡೆ ಅಂಗಡಿಯಲ್ಲಿ ಕೊಂಡವರು ಅಲ್ಲಿಯೇ ಕೂತು ಬರೆಸುತ್ತಿದ್ದರು: ಯಾರ ಲಗ್ನಕ್ಕೆ, ಯಾರಿಂದ, ಯಾವ ತಾರೀಖು. ಸ್ವಾದರಮಾವನ ಕೊಡ, ದೊಡ್ಡವ್ವನ ಪರಾತ, ಓಣಿಯ ಹೆಣ್ಣುಮಕ್ಕಳು ಪಟ್ಟಿ ಹಾಕಿ ಕೊಟ್ಟ ಗಂಗಾಳ. ಗೋಕಾಕ ಕಡೆಯ ನೆಂಟರದ್ದು ಕನ್ನಡ ಅಕ್ಷರ. ಮಿರಜ, ಇಚಲಕರಂಜಿ ಕಡೆಯಿಂದ ಬಂದದ್ದರ ಮೇಲೆ ಮರಾಠಿಯ ಬಾಳಬೋಧ ಲಿಪಿಯಲ್ಲಿ 'ಸಪ್ರೇಮ ಭೇಟ'. ಗಡಿಯ ಜಗಳ ಹೊರಗೆ ಎಷ್ಟೇ ಕಾವೇರಿದರೂ ಎರಡೂ ಲಿಪಿಯ ಬಾಂಡೆ ಒಂದೇ ಹಲಗೆಯ ಮೇಲೆ ಒಂದಕ್ಕೊಂದು ತಾಗಿಕೊಂಡು ಕೂತಿದ್ದವು.

ಮಾಂಡಣಿಯನ್ನು ನಾವು ಸಿರಿವಂತಿಕೆಯ ಪ್ರದರ್ಶನವೆಂದು ತಿಳಿದಿದ್ದೇವೆ. ನನಗೆ ಅದು ಋಣದ ಪ್ರದರ್ಶನವಾಗಿ ಕಾಣುತ್ತದೆ. ಈ ಸಂಸಾರ ತಾನಾಗಿ ನಿಂತದ್ದಲ್ಲ, ಇಷ್ಟು ಜನ ಕೈಹಚ್ಚಿ ನಿಲ್ಲಿಸಿದರು ಎಂಬುದನ್ನು ಬಂದವರೆಲ್ಲ ಓದುವ ಹಾಗೆ ಗೋಡೆಗೆ ಇಟ್ಟಿದ್ದರು. ಲಗ್ನದ ಆಯೇರನ್ನು ವಹಿಯಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಕಾರ್ಯ ಬಂದಾಗ ಅದಕ್ಕಿಂತ ಒಂದು ಕೈ ಮಿಗಿಲಾಗಿ ತೀರಿಸುವುದು ಈ ಭಾಗದ ರೂಢಿ. ವಹಿ ಪೆಟ್ಟಿಗೆಯಲ್ಲಿರುತ್ತಿತ್ತು, ಅದರ ಪ್ರತಿ ಮಾಂಡಣಿಯ ಮೇಲೆ. ಪಡಸಾಲೆಯದೂ ಇದೇ ರೀತಿ. ಗೋಡೆಯ ಮೇಲ್ಭಾಗದಲ್ಲಿ ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದ ಮುತ್ಯಾ, ಆಯಿಯ ಫೋಟೊ, ಗುರುಗಳ ಫೋಟೊ, ಗೂಟಕ್ಕೆ ಎತ್ತಿನ ಗೆಜ್ಜೆಸರ, ಜೂಲು, ಹಾಸಲು ಸತ್ತವರ ಸೀರೆಯ ತುಣುಕು ಸೇರಿಸಿ ಹೊಲಿದ ಕೌದಿ. ಹೆತ್ತವರು, ಕಲಿಸಿದವರು, ಹೊತ್ತವರು ಎಲ್ಲರೂ ಕಣ್ಣೆದುರಿಗಿದ್ದರು. ಸ್ವಂತ ದುಡಿಮೆಯಿಂದ ಮನೆ ಕಟ್ಟಿದವರೂ ಮುಂಬಾಗಿಲ ಮೇಲೆ 'ಮಾತೃಕೃಪಾ' ಎಂದೋ 'ಗುರುಕೃಪಾ' ಎಂದೋ ಬರೆಸುತ್ತಿದ್ದರು.

ಅಲಂಕಾರದ ವಿರುದ್ಧ ಅತ್ಯಂತ ಗಟ್ಟಿಯಾಗಿ ವಾದಿಸಿದವನು ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್. ಅಲಂಕಾರವನ್ನು ಅಪರಾಧದ ಸಾಲಿಗೆ ಸೇರಿಸಿ 1910ರ ಹೊತ್ತಿಗೆ ಅವನು ಮಾಡಿದ ಭಾಷಣ ಇಂದಿಗೂ ಜಗತ್ತಿನ ಕಟ್ಟಡಗಳನ್ನು ಬೋಳಿಸುತ್ತಿದೆ. ವಸ್ತು ಸವೆಯುವ ಮೊದಲೇ ಅದರ ಚಿತ್ತಾರ ಹಳೆಯದಾಗುತ್ತದೆ. ಚಿತ್ತಾರ ಬೇಸರವಾದ್ದಕ್ಕೆ ಗಟ್ಟಿ ವಸ್ತುವನ್ನೂ ಎಸೆಯುತ್ತೇವೆ. ಮಾಡಿದವನ ಬೆವರು ದಂಡ. ಇದು ಅವನ ವಾದ. ಇವತ್ತಿನ ಪಿಒಪಿ, ಪ್ಯಾನೆಲ್ಲುಗಳ ಮಟ್ಟಿಗೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅದೇ ಲೂಸ್ ತನ್ನ ಬೂಟಿನ ಮೇಲಿನ ತೂತು, ಅಲೆಯಂಚಿನ ಕೆಲಸವನ್ನು ಸಹಿಸಿಕೊಂಡ. ಅದು ಮೋಚಿಯ ಸಂತೋಷ, ಕೂಲಿಯ ಲೆಕ್ಕಕ್ಕೆ ಸೇರದ್ದು. ಬೋಳು ಬೂಟು ಮಾಡು ಎಂದರೆ ಹೆಚ್ಚು ಹಣ ಕೊಟ್ಟರೂ ಅವನ ಮುಖ ಬಾಡುತ್ತದೆ ಎಂದ. ತನ್ನ ಸಿದ್ಧಾಂತವನ್ನು ಅವನು ಸಡಿಲಿಸಿದ್ದು ಚಿತ್ತಾರದ ಹಿಂದೆ ಒಬ್ಬ ಮನುಷ್ಯ ಕಂಡಾಗ ಮಾತ್ರ.

ನಮ್ಮ ಕಾಲದ ಬೋಧೆ ಇನ್ನೊಂದು ಬಗೆಯದು. ಜಪಾನಿನ ಮಾರಿ ಕೊಂಡೊ ಬರೆದ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಮನೆ ಖಾಲಿ ಮಾಡುವುದೇ ಒಂದು ಸಾಧನೆಯಾಯಿತು. ವಸ್ತುವನ್ನು ಕೈಯಲ್ಲಿ ಹಿಡಿ, ಮನಸ್ಸು ಅರಳಿದರೆ ಇಟ್ಟುಕೋ, ಇಲ್ಲವಾದರೆ ಥ್ಯಾಂಕ್ಸ್ ಹೇಳಿ ಬೀಳ್ಕೊಡು ಎನ್ನುತ್ತಾರೆ ಆಕೆ. ಈ ಪರೀಕ್ಷೆಯಲ್ಲಿ ಮಾಂಡಣಿಯ ಅರ್ಧ ಬಾಂಡೆ ಫೇಲಾಗುವುದು ಖಂಡಿತ. ನಾಲ್ಕು ವರ್ಷ ಮಾತು ಬಿಟ್ಟ ಕಾಕಾ ಕೊಟ್ಟ ಕೊಡವನ್ನು ಹಿಡಿದರೆ ಯಾರ ಮನಸ್ಸು ಅರಳುತ್ತದೆ? ಆದರೂ ಕೊಡ ಸಾಲಿನಲ್ಲಿಯೇ ಇರುತ್ತಿತ್ತು. ಕಾಕಾನ ಮೇಲಿನ ಸಿಟ್ಟು ಬೇರೆ, ಆವತ್ತು ಅವನು ಬಂದು ನಿಂತದ್ದು ಬೇರೆ. ಋಣಕ್ಕೆ ನಮ್ಮ ಇವತ್ತಿನ ಖುಷಿಯ ಅಪ್ಪಣೆ ಬೇಕಿಲ್ಲ.

ಹಾಗೆಂದು ಹಳೆಯ ಮನೆಯನ್ನು ಹೊಗಳುತ್ತ ಕೂಡಲು ಬರುವುದಿಲ್ಲ. ನಾಗರಪಂಚಮಿ, ದಸರೆ, ದೀಪಾವಳಿ ಬಂತೆಂದರೆ ಆ ಸಾಲೆಲ್ಲ ಕೆಳಗಿಳಿಯುತ್ತಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ಅಂಗೈ ಬಿರಿಯುವ ತನಕ ತಿಕ್ಕುತ್ತಿದ್ದವರು ಹೆಂಗಸರು. ಮಾಂಡಣಿ ಹೋದದ್ದಕ್ಕೆ ಅವರಲ್ಲಿ ಯಾರೂ ಅತ್ತಂತಿಲ್ಲ. ಕೊರೆದ ಹೆಸರಿನಲ್ಲಿ ಪ್ರೀತಿಯಷ್ಟೇ ಇರಲಿಲ್ಲ, ಬೀಗರೆದುರು ತಲೆ ತಗ್ಗಬಾರದೆಂದು ಹೊಲ ಒತ್ತೆಯಿಟ್ಟ ತಂದೆಯ ಸಾಲವೂ ಇತ್ತು. ಒಂದು ಬಾಂಡೆ ಕಡಿಮೆ ಬಿತ್ತೆಂದು ವರ್ಷಗಟ್ಟಲೆ ಚುಚ್ಚುಮಾತು ಕೇಳಿದ ಸೊಸೆಯಂದಿರಿಗೆ ಆ ಸಾಲು ಒಂದು ಆರೋಪಪಟ್ಟಿ.

ಇನ್ನೂ ದೊಡ್ಡ ಕೊರತೆಯೆಂದರೆ ಆ ಸಾಲಿನಲ್ಲಿ ಇರಬೇಕಾಗಿಯೂ ಇಲ್ಲದ ಹೆಸರುಗಳು. ಅಥಣಿ, ನಿಪ್ಪಾಣಿಯ ಸಮಗಾರರು ಮಾಡಿದ ಚಪ್ಪಲಿ ಇಲ್ಲದ ಮನೆ ಈ ಸೀಮೆಯಲ್ಲಿ ಇರಲಿಲ್ಲ. ಚರ್ಮ ಹದ ಮಾಡಿ, ಸಣ್ಣ ಜಡೆ ಹೆಣೆದು, ನೀರು ಕುಡಿಸಿ, ಬಡಿದು ಮಾಡಿದ ಆ ಚಪ್ಪಲಿ ಕಟ್ಟೆಯ ಕೆಳಗೆ ಉಳಿಯುತ್ತಿತ್ತು. ಮಾಡಿದವನೂ ಅಲ್ಲಿಯೇ ನಿಲ್ಲಬೇಕಿತ್ತು. ಕುಂಬಾರನ ಗಡಿಗೆಗೆ, ತೊಲೆ ಏರಿಸಿದವರ ಹೆಗಲಿಗೆ, ಹೊಲದಲ್ಲಿ ದುಡಿದ ಆಳಿಗೆ ಯಾವ ಬೋಗುಣಿಯ ಮೇಲೂ ಹೆಸರಿಲ್ಲ. ಮನೆ ತನ್ನ ನೆಂಟರ ಋಣವನ್ನು ಎತ್ತಿ ತೋರಿಸಿತು, ಉಳಿದವರ ಋಣವನ್ನು ಹೊಸ್ತಿಲಾಚೆ ಬಿಟ್ಟಿತು.

ಈ ಹೊಸ್ತಿಲು ನಮ್ಮೂರಿನದಷ್ಟೇ ಅಲ್ಲ. 2019ರಲ್ಲಿ ಇದೇ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ (ಜಿಐ) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಹೆಸರೂ ಸೇರಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ವೇದಿಕೆಯ ಮೇಲೆ ಅದೇ ರೂಪದ ಚಪ್ಪಲಿ ನಡೆಸಿತು, ಎಲ್ಲಿಯದೆಂದು ಹೇಳಲಿಲ್ಲ. ಗದ್ದಲವೆದ್ದ ಮೇಲೆ ಭಾರತದ ಕೈಕಸುಬಿನ ಪ್ರೇರಣೆಯೆಂದು ಒಪ್ಪಿತು. ಇಲ್ಲಿ ನೋವಾಗಿದ್ದು ದುಡ್ಡಿಗಿಂತ ಹೆಚ್ಚಾಗಿ ಹೆಸರಿನ ವಿಷಯಕ್ಕೆ. ಮಿಲಾನ್‌ನವರು ಮರೆತದ್ದನ್ನು ಕೇಳುವ ಹಕ್ಕು ನಮಗುಂಟು. ಅದನ್ನೇ ತಲೆಮಾರುಗಟ್ಟಲೆ ಮರೆತವರು ನಮ್ಮ ಪಡಸಾಲೆಗಳಲ್ಲಿಯೂ ಇದ್ದರು.

ಈ ಮನೆಗಳನ್ನು ಕೃಷ್ಣೆಯೂ ತನ್ನ ರೀತಿಯಲ್ಲಿ ಪರೀಕ್ಷೆ ಮಾಡಿದಳು: 2005, 2019, 2021ರ ಮಹಾಪೂರಗಳಲ್ಲಿ. ಮಳೆಗಾಲ ಜೋರಾದರೆ ಕಲ್ಲೋಳ–ಯಡೂರ ಸೇತುವೆ ಮುಳುಗುವುದು ಪ್ರತಿ ವರ್ಷದ ಸುದ್ದಿ. ಆ ವರ್ಷಗಳಲ್ಲಿ ನೀರು ಊರೊಳಗೇ ಬಂತು. ಇಳಿದ ಮೇಲೆ ನೋಡಿದರೆ ಮಣ್ಣಿನ ಗೋಡೆ ಕುಸಿದಿತ್ತು, ಪ್ಲೈವುಡ್ಡಿನ ಕಪಾಟು ಉಬ್ಬಿ ಪದರು ಬಿಟ್ಟಿತ್ತು. ಹಳೆಯದೂ ಉಳಿಯಲಿಲ್ಲ, ಹೊಸದೂ ಉಳಿಯಲಿಲ್ಲ. ರಾಡಿಯಿಂದ ಎತ್ತಿ ತೊಳೆದರೆ ಮೊದಲಿನಂತಾದದ್ದು ಬಾಂಡೆ ಮಾತ್ರ. 2019ರಲ್ಲಿ ಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ನಾಡಿನ ಎಲ್ಲೆಲ್ಲಿಂದಲೋ ಲಾರಿಗಳಲ್ಲಿ ಚಾದರ, ಧಾನ್ಯ, ಪಾತ್ರೆ ಬಂದವು. ಕೊಟ್ಟವರ ಹೆಸರು ಅವುಗಳ ಮೇಲಿರಲಿಲ್ಲ, ವಹಿಯಲ್ಲಿ ಬರೆಯಲೂ ಆಗಲಿಲ್ಲ. ತೀರಿಸಲಾಗದ ಋಣವೆಂದರೆ ಅದು. ನೆಂಟರ ನಡುವಿನ ಲೆಕ್ಕಕ್ಕೆ ಆಚೆಯೂ ನಾವು ಯಾರಿಗೋ ಬಾಕಿ ಇದ್ದೇವೆ ಎಂಬ ಮಾತನ್ನು ಆ ಹೆಸರಿಲ್ಲದ ತಾಟುಗಳೇ ಹೇಳಿದವು.

ಹೀಗೆ ನೋಡಿದಾಗ ಇವತ್ತಿನ ಮನೆಯ ಗುಣ ಅರ್ಥವಾಗುತ್ತದೆ. ಮಾಡ್ಯುಲರ್ ಅಡುಗೆಮನೆಯಲ್ಲಿ ಎಲ್ಲವೂ ಬಾಗಿಲ ಹಿಂದೆ. ಪ್ಯಾನೆಲ್ಲಿಗೆ ಮೊಳೆ ಹೊಡೆಯುವಂತಿಲ್ಲ, ಹಾಗಾಗಿ ಮುತ್ಯಾನ ಫೋಟೊ ಮೊಬೈಲಿಗೆ ಹೋಯಿತು. ಲಗ್ನಪತ್ರಿಕೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚಾಗುತ್ತದೆ. ಹೊರೆ ತಗ್ಗಿದ್ದು ಒಳ್ಳೆಯದೇ, ಆದರೆ ಕೊಡುವ ಕೊಳ್ಳುವ ಎಳೆಯೂ ಅಲ್ಲಿಗೆ ತುಂಡಾಗುತ್ತದೆ. ಟೈಲ್ಸು ಗುಜರಾತಿನ ಮೋರ್ಬಿಯದು, ಹಾಸಿದವರು ರಾಜಸ್ಥಾನದಿಂದಲೋ ಉತ್ತರಪ್ರದೇಶದಿಂದಲೋ ಬಂದ ಹುಡುಗರು. ಕೆಲಸ ಮುಗಿದ ಮರುದಿನ ಅವರ ಗುರುತು ಸಿಮೆಂಟಿನ ಪುಡಿಯ ಜೊತೆ ಗುಡಿಸಿ ಹೋಗುತ್ತದೆ. ಹಳೆಯ ಮನೆ ಕೆಲವರ ಋಣವನ್ನು ಮರೆಮಾಡಿತ್ತು. ಹೊಸದು ಯಾರ ಋಣವನ್ನೂ ತೋರಿಸುವುದಿಲ್ಲ. ಇತ್ತ ಗೆಜ್ಜೆಸರ, ಚಕ್ಕಡಿಯ ಗಾಲಿ, ತಾಮ್ರದ ಹಂಡೆಗಳು ಹೆದ್ದಾರಿಯ ಧಾಬಾಗಳ ಗೋಡೆ ಏರಿವೆ. ಯಾರ ಎತ್ತೋ ಯಾರ ಹಂಡೆಯೋ ಕೇಳುವವರಿಲ್ಲದ ಕಾರಣಕ್ಕೇ ಅವು ಅಲ್ಲಿ ಹಗುರಾಗಿ ಚಂದ ಕಾಣುತ್ತವೆ.

ಹೊಸ ರೀತಿ ಬೇಗ ಬೇಸರವಾಗುವುದಕ್ಕೆ ಕಾರಣವೂ ಇಲ್ಲಿಯೇ ಇದೆ ಎನ್ನಿಸುತ್ತದೆ. ಹೊಸದಾಗಿರುವುದಷ್ಟೇ ಅದರ ಬಂಡವಾಳ. ಅದು ಕರಗಿದಾಗ ಹಿಡಿದು ನಿಲ್ಲಿಸುವ ಯಾರ ಮುಖವೂ ಹಿಂದಿಲ್ಲ. ಕಾಕಾನ ಕೊಡ ಹಳೆಯದಾಗಿತ್ತು, ಸೊಟ್ಟಾಗಿತ್ತು, ಆದರೆ ಅದನ್ನು ತೆಗೆಯಬೇಕಾದರೆ ಕಾಕಾನನ್ನು ನೆನೆಯಲೇಬೇಕಿತ್ತು. ಪಿಒಪಿ ಒಡೆಯುವಾಗ ಅಂಥ ತಡೆ ಏನೂ ಇಲ್ಲ.

ಮಾಂಡಣಿಯನ್ನು ಮರಳಿ ತರುವ ಮಾತು ಬೇಡ, ತಿಕ್ಕುವ ಕೈಗಳಿಗೆ ಅದು ಅನ್ಯಾಯ. ಆದರೆ ಈ ಸೀಮೆಯಲ್ಲಿ ಇನ್ನೂ ನಡೆಯುತ್ತಿರುವ ಒಂದು ರೀತಿ ಇದೆ: ವಾಸ್ತುಶಾಂತಿಯ ದಿನ ಗೌಂಡಿಯನ್ನೂ ಬಡಿಗನನ್ನೂ ಕರೆದು, ನೆರೆದವರ ಎದುರು ಟವೆಲು ಟೋಪಿ ಕೊಟ್ಟು ಆಯೇರು ಮಾಡುವುದು. ಅದೇ ಸಾಲಿಗೆ ಟೈಲ್ಸು ಹಾಸಿದ ಹುಡುಗರನ್ನೂ ವೈರಿಂಗ್ ಎಳೆದವನನ್ನೂ ಇಟ್ಟಿಗೆ ಹೊತ್ತ ಹೆಂಗಸರನ್ನೂ ಕೂಡಿಸಿದರೆ, ಮಾಂಡಣಿ ಬಿಟ್ಟುಬಿಟ್ಟ ಹೆಸರುಗಳು ಒಂದು ದಿನದ ಮಟ್ಟಿಗಾದರೂ ಮನೆಯೊಳಗೆ ಬಂದಾವು. ಹಳೆಯ ಬಾಂಡೆ ಮೋಡಕಾಕ್ಕೆ ಹೋಗುವುದಿದ್ದರೆ ಹೋಗಲಿ, ಇಡಲು ಜಾಗವಿಲ್ಲ. ತಕ್ಕಡಿಗೆ ಹಾಕುವ ಮುಂಚೆ ಮಕ್ಕಳನ್ನು ಕರೆದು ಕಂಠದ ಅಕ್ಷರಗಳನ್ನು ಅವರಿಂದ ಒಮ್ಮೆ ಜೋರಾಗಿ ಓದಿಸಬೇಕು. ಯಾರಿವರು ಎಂದು ಅವರು ಕೇಳುತ್ತಾರೆ. ಉತ್ತರ ಹೇಳುವಷ್ಟು ಹೊತ್ತು ತಕ್ಕಡಿಯವನು ಕಾಯುತ್ತಾನೆ.