ನೀರು ಕುಡಿದರೆ ಹರಕೆ ಕೆಡುತ್ತದೆಯೇ?



ತಪಸ್ಸುಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಹರಕೆಯ ಮಾತು ಏಳುತ್ತದೆ. ಚನ್ನಪಟ್ಟಣದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೊಮ್ಮಗನ ಕಾಯಿಲೆ ವಾಸಿಯಾದರೆ ರಾಮನಗರ, ಕನಕಪುರ ದಾಟಿ ಹಾರೋಬೆಲೆಯ ಕಪಾಲಬೆಟ್ಟಕ್ಕೆ ಬರಿಗಾಲಲ್ಲಿ, ನೀರೂ ಮುಟ್ಟದೆ ನಡೆದು ಬರುತ್ತೇನೆಂದು ಅಜ್ಜಿ ಹರಕೆ ಹೊತ್ತಿದ್ದಾರೆ. ವಯಸ್ಸು ಅರವತ್ತೆರಡು, ರಕ್ತದೊತ್ತಡ ಬೇರೆ. ಅದು ಒಂದೇ ಹಗಲಲ್ಲಿ ಮುಗಿಯುವ ನಡಿಗೆಯೂ ಅಲ್ಲ. ಮಗ "ಬೇಡಮ್ಮಾ" ಎನ್ನುತ್ತಾನೆ. "ಹರಕೆ ತಪ್ಪಿದರೆ ದೇವರು ಮೆಚ್ಚುತ್ತಾನೇನಪ್ಪಾ?" ಎನ್ನುತ್ತಾರೆ ತಾಯಿ. ಇಬ್ಬರದೂ ಪ್ರೀತಿಯ ಮಾತೇ. ಹಾಗಾದರೆ ಯಾರ ಮಾತು ಸರಿ?

ಮೊದಲು ಧರ್ಮಸಭೆ ಏನು ಹೇಳುತ್ತದೆಂದು ನೋಡೋಣ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1191ನೆಯ ವಿಧಿಯ ಪ್ರಕಾರ, ಹರಕೆ ಎಂದರೆ ಸಾಧ್ಯವಾದ ಹಾಗೂ ಹೆಚ್ಚಿನದಾದ ಒಂದು ಒಳಿತನ್ನು ಕುರಿತು ದೇವರಿಗೆ ಕೊಡುವ ಮಾತು. 'ಸಾಧ್ಯವಾದ' ಎಂಬ ಪದವನ್ನು ಗಮನಿಸಿ. ಪ್ರಾಣಕ್ಕೆ ಕುತ್ತು ತರುವುದನ್ನು ದೇವರು ಸಾಲದಂತೆ ವಸೂಲಿ ಮಾಡುವುದಿಲ್ಲ. ಖಾಸಗಿ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಮೇಲಾದ ಒಳಿತಿಗೆ ಹೊತ್ತವರೇ ಬದಲಿಸಿಕೊಳ್ಳಬಹುದು (1197). ನ್ಯಾಯವಾದ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳು ಅದರಿಂದ ಬಿಡುಗಡೆಯನ್ನೂ ಕೊಡಬಲ್ಲರು (1196). ಕಡ್ಡಾಯ ಉಪವಾಸಕ್ಕೂ ಮಿತಿಯಿದೆ: ಹದಿನೆಂಟು ತುಂಬಿದಂದಿನಿಂದ ಅರವತ್ತನೆಯ ವರ್ಷಕ್ಕೆ ಕಾಲಿಡುವವರೆಗೆ ಮಾತ್ರ (1252). ತಾಯಿಯಾದ ಧರ್ಮಸಭೆಗೆ ಮಕ್ಕಳ ಮೈಯ ಬಗ್ಗೆಯೂ ಕಾಳಜಿ ಇದೆ.

ಆದರೂ ನಮ್ಮ ಮನಸ್ಸು ಒಪ್ಪುವುದಿಲ್ಲ. ಕಷ್ಟ ಹೆಚ್ಚಾದಷ್ಟೂ ಪುಣ್ಯ ಹೆಚ್ಚು ಎಂದೇ ಲೆಕ್ಕ ಹಾಕುತ್ತದೆ. ಪವಿತ್ರ ಗ್ರಂಥ ಬೇರೆಯದನ್ನೇ ಕಲಿಸುತ್ತದೆ. ದಣಿದು ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು, ಮುಂದಿನ ದಾರಿ ದೂರವೆಂದು ಎಚ್ಚರಿಸಿದ. ನಡೆದು ಬಳಲಿದ ಯೇಸುಸ್ವಾಮಿ ನಡುಮಧ್ಯಾಹ್ನ ಯಕೋಬನ ಬಾವಿಯ ಬಳಿ ಕುಳಿತು ಸಮಾರಿಯಾದ ಸ್ತ್ರೀಯಲ್ಲಿ ನೀರು ಕೇಳಿದರು. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆಂದು ಹೇಳಿದವನು ಸೈತಾನ. ನೀರಿಲ್ಲದೆ ಸುಡುಬಿಸಿಲಲ್ಲಿ ಹೊರಟು 'ದೇವರು ನೋಡಿಕೊಳ್ಳುತ್ತಾನೆ' ಎನ್ನುವುದು ವಿಶ್ವಾಸವೋ, ಅಂಥದೇ ಪರೀಕ್ಷೆಯೋ, ನೀವೇ ಯೋಚಿಸಿ.

ಹಾಗೆಂದು ತಪಸ್ಸು ಬೇಡವೆಂದಲ್ಲ. ಬೆಳಗಿನ ಜಾವ ಏಳುವುದು, ಕಾಲುನೋವನ್ನು ಗೊಣಗದೆ ಸಹಿಸುವುದು, ನಿಧಾನವಾಗಿ ನಡೆಯುವವರ ಜೊತೆ ನಾವೂ ನಿಧಾನಿಸುವುದು, ಇವೆಲ್ಲ ತಪಸ್ಸೇ. ಸಿದ್ಧತೆಯೂ ತಪಸ್ಸೇ. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಅಷ್ಟು ದಿನ ಮುಂಚಿನಿಂದಲೇ ದಿನಕ್ಕಿಷ್ಟು ನಡೆದು ಅಭ್ಯಾಸ ಮಾಡಿಕೊಳ್ಳಿ. ನಸುಕಿನಲ್ಲೇ ಹೊರಟು, ಹನ್ನೊಂದರಿಂದ ನಾಲ್ಕರವರೆಗೆ ನೆರಳಲ್ಲಿ ಕುಳಿತು ಜಪಸರ ಹೇಳಿ. ಕಾದ ಟಾರು ರಸ್ತೆಯಲ್ಲಿ ಚಪ್ಪಲಿ ಹಾಕಿಕೊಳ್ಳಿ. ಬರಿಗಾಲ ಹರಕೆಯಿದ್ದರೆ ಬೆಟ್ಟದ ಬುಡದಲ್ಲಿ ಬಿಡಬಹುದು. ಬಾಯಾರುವ ಮುಂಚೆಯೇ ಆಗಾಗ ನೀರು ಕುಡಿಯಿರಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಇಲ್ಲವೇ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿಕೊಳ್ಳಿ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ. ಅಂಥವರೂ, ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡದ ತೊಂದರೆ ಇರುವವರೂ ವೈದ್ಯರನ್ನು ಕೇಳಿಯೇ ಹೊರಡಬೇಕು. ಯಾರಾದರೂ ಮೈ ಸುಡುತ್ತಾ ತಡವರಿಸಿ ಮಾತಾಡಿದರೆ ಅದನ್ನು ಭಕ್ತಿಯ ಪರವಶತೆ ಎಂದುಕೊಳ್ಳಬೇಡಿ. ನೆರಳಿಗೆ ಕರೆದೊಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕಪಾಲಬೆಟ್ಟದ ಹೆಸರೇ ಗೊಲ್ಗೊಥಾವನ್ನು, 'ಕಪಾಲ' ಎಂಬ ಆ ಸ್ಥಳವನ್ನು, ನೆನಪಿಗೆ ತರುತ್ತದೆ. ಅಲ್ಲಿ ಶಿಲುಬೆ ಹಾದಿ ಮಾಡುವಾಗ ಐದನೆಯ ಸ್ಥಳದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಿ. ಸಿರೇನ್ಯದ ಸಿಮೋನ ಹೆಗಲು ಕೊಟ್ಟಾಗ ಯೇಸು ಬೇಡವೆನ್ನಲಿಲ್ಲ. ಆರನೆಯ ಸ್ಥಳದಲ್ಲಿ ವೆರೋನಿಕ ಬಟ್ಟೆ ಚಾಚಿದಾಗ ಮುಖ ತಿರುಗಿಸಲಿಲ್ಲ. ಸ್ವಾಮಿಯೇ ನೆರವು ಪಡೆದ ಹಾದಿಯಲ್ಲಿ, ಒಂದು ಲೋಟ ನೀರು ನಮಗೆ ಅವಮಾನವಾಗಬೇಕೇ?

ಶಿವರಾತ್ರಿಯ ಹೊತ್ತಿಗೆ ಕನಕಪುರದ ಹಾದಿಯಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಹೋಗುವವರನ್ನು ನೀವು ನೋಡಿರುತ್ತೀರಿ. ದಾರಿಯುದ್ದಕ್ಕೂ ಜನ ಅವರಿಗೆ ಮಜ್ಜಿಗೆ, ಪಾನಕ, ಊಟ ಕೊಡುತ್ತಾರೆ. ನಡೆಯಲಾರದವರ ಯಾತ್ರೆಯೂ ಹಾಗೆಯೇ ಇರಬಹುದಲ್ಲವೇ? ನಮ್ಮ ಅಜ್ಜಿ ಗುರುಗಳನ್ನು ಕಂಡು, ಹರಕೆಯನ್ನು ಬದಲಿಸಿಕೊಂಡು, ಮನೆಯ ಮುಂದೆ ನೀರಿನ ಮಡಕೆ ಇಟ್ಟು, ಯಾವ ಧರ್ಮದ ದಾರಿಹೋಕ ಬಂದರೂ ಕೊಡಲಿ. ಬಾಯಾರಿದವನಿಗೆ ಕೊಟ್ಟ ನೀರು ತನಗೇ ಕೊಟ್ಟದ್ದೆಂದು ಹೇಳಿದವರು ಯೇಸುಸ್ವಾಮಿಯೇ. ಶುಭ ಶುಕ್ರವಾರ ಮಗ ಬಸ್ಸಿನಲ್ಲಿ ಕರೆದೊಯ್ದರೆ, ಕೈಲಾದಷ್ಟು ಮೆಟ್ಟಿಲು ಹತ್ತಲಿ.

ಈ ವಾರ ಸಂಜೆಯ ಜಪಸರ ಮುಗಿದ ಮೇಲೆ ನಿಮ್ಮ ಮನೆಯಲ್ಲೂ ಈ ಮಾತು ಬರಲಿ: ನಮ್ಮ ಹರಕೆ ಏನು, ಮೈ ಏನು ಹೇಳುತ್ತಿದೆ, ಜೊತೆಗೆ ಯಾರು ಬರುತ್ತಾರೆ? ಅರ್ಧದಾರಿಯಲ್ಲಿ ಕುಸಿದವರ ಜೊತೆ ಹಿಂದಿರುಗಿದವರನ್ನು ಹರಕೆ ತಪ್ಪಿದವರೆಂದು ಯಾರೂ ಎಣಿಸದಿರೋಣ. ಅವರು ಕಪಾಲಬೆಟ್ಟವನ್ನು ದಾರಿಯಲ್ಲೇ ಹತ್ತಿದವರು.